ಬ್ರಹ್ಮಕಮಲದ ತವರು ಯಾವುದು?

ನಮ್ಮ ಯಲಹಂಕ, ಹೆಬ್ಬಾಳದ ಕಡೆ ಹಳೇ ಮನೆಗಳಲ್ಲಿ ಬ್ರಹ್ಮಕಮಲದ ಕುಂಡ ಇದ್ದೇ ಇರತ್ತೆ. ಹೆಸರು ಕೇಳಿ ಇದು ಹಿಮಾಲಯದ್ದು ಅಂತ ತುಂಬಾ ಜನ ನಂಬಿದಾರೆ. ಬದರಿನಾಥನಿಗೆ ಏರಿಸೋ ಬ್ರಹ್ಮಕಮಲವೇ ಬೇರೆ ಕಣ್ರೀ. ಅದು ಸೇವಂತಿಗೆ ವಂಶದ್ದು, 3,000 ಮೀಟರಿಗಿಂತ ಎತ್ತರದ ಚಳೀಲಿ ಬೆಳೆಯತ್ತೆ, ಉತ್ತರಾಖಂಡದ ರಾಜ್ಯಪುಷ್ಪ.

ನಮ್ದು ಕಳ್ಳಿ ಜಾತಿ, ಎಪಿಫಿಲಮ್ ಆಕ್ಸಿಪೆಟಲಮ್. ಮುಳ್ಳೇ ಇಲ್ವಲ್ಲ ಅಂತೀರಾ? ನಾವು ಎಲೆ ಅನ್ನೋದು ನಿಜವಾಗಿ ಚಪ್ಪಟೆ ಕಾಂಡ. ಅದರ ಅಂಚಲ್ಲಿರೋ ಕಚ್ಚುಗಳನ್ನ ನೋಡಿ, ಮೊಗ್ಗು ಹೊರಡೋದು ಅಲ್ಲಿಂದಲೇ. ಬೇರೆ ಕಳ್ಳಿಗಳಲ್ಲಿ ಮುಳ್ಳು ಬರೋದು ಅಂಥ ಜಾಗದಿಂದಲೇ.

ಇದರ ತವರು ಮೆಕ್ಸಿಕೊ, ಗ್ವಾಟೆಮಾಲ ಕಡೆಯ ಕಾಡು. ಅಲ್ಲಿ ಮರಗಳ ಮೇಲೆ ಬೆಳೆಯತ್ತೆ. 1828ರಲ್ಲಿ ಡಿ ಕ್ಯಾಂಡೋಲ್ ಅನ್ನೋ ಸಸ್ಯಶಾಸ್ತ್ರಜ್ಞರು ಹೆಸರಿಟ್ರು, ಮುಂದಿನ ವರ್ಷ ಹಾವರ್ತ್ ಅನ್ನೋರು ಈಗಿನ ಹೆಸರು ಕೊಟ್ರು. ಕೊಲಂಬಸ್ ಆ ಕಡೆ ಹೋಗಿದ್ದೇ 1492ರಲ್ಲಿ. ಹಾಗಾಗಿ ಪುರಾಣದ ಕಮಲ ಇದಲ್ಲ. ಅದಕ್ಕೆ ಬೇಜಾರು ಯಾಕೆ? ಒಣಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಎಲ್ಲಾ ಆ ಕಡೆಯವೇ. ಸಾರಿಗೆ ಹಾಕೋವಾಗ ಯಾರೂ ಊರು ಕೇಳಲ್ಲ. ಮಳೆಗಾಲದ ರಾತ್ರೀಲಿ ಅರಳಿ ಬೆಳಗಾಗೋಷ್ಟರಲ್ಲಿ ಬಾಡೋ ಹೂವಿಗೆ ಆರತಿ ಎತ್ತಿ, ಅಕ್ಕಪಕ್ಕದವರನ್ನ ಕರೆದು ತೋರಿಸೋ ಪದ್ಧತಿ ಮಾತ್ರ ನಮ್ದೇ.

ಇದು ನಮ್ಮಲ್ಲಿ ಹಬ್ಬಿದ್ದು ಬೀಜದಿಂದಲ್ಲ, ಹೆಂಗಸರ ಕೈಯಿಂದ ಕೈಗೆ ಹೋದ ಎಲೆಯಿಂದ. ನಮ್ಮತ್ತೆಗೂ ಹಾಗೇ ಬಂದಿದ್ದು. ಈಗ ಅವರ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ತಾರೆ. ಗಿಡ ಯಾರಿಗೆ ಅಂತ ವಾರಗಿತ್ತಿಯರಲ್ಲಿ ಮಾತು ಬಂತು. ಆದ್ರೆ ತುಂಡಿಂದ ಬಂದ ಗಿಡ ತಾಯಿಗಿಡದ ಮಗಳಲ್ಲ, ತಾಯಿಗಿಡವೇ. ಅತ್ತೆ ನೀರೆರೆದ ಗಿಡಾನೇ ನಾಲ್ಕೂ ಮನೇಲಿ ಇರಬಹುದು. ಮನೆ ಭಾಗ ಮಾಡಿದ್ರೆ ಚಿಕ್ಕದಾಗತ್ತೆ, ಇದು ಭಾಗ ಮಾಡಿದಷ್ಟೂ ಹೆಚ್ಚಾಗತ್ತೆ.

ಬಲಿತ ಎಲೇನ ಗೇಣುದ್ದ ಕತ್ತರಿಸಿ. ಬುಡ ಯಾವುದು ಅಂತ ಗುರುತು ಮಾಡ್ಕೊಳ್ಳಿ. ಗಾಯ ಒಣಗೋವರೆಗೂ ನಾಲ್ಕೈದು ದಿನ ನೆರಳಲ್ಲಿಡಿ, ಹಸೀದು ನೆಟ್ರೆ ಕೊಳೆಯತ್ತೆ. ಕೆಮ್ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿ, ಬುಡ ಎರಡು ಇಂಚು ಹೂತು, ಉರಿಬಿಸಿಲು ಬೀಳದ ಬೆಳಕಲ್ಲಿಡಿ. ಮಣ್ಣು ಒಣಗಿದ ಮೇಲೇ ನೀರು. ತಿಂಗಳೊಳಗೆ ಬೇರು ಬಿಡತ್ತೆ. ಹೂವಿಗೆ ಎರಡು ಮೂರು ವರ್ಷ ಕಾಯ್ಬೇಕು. ಹೂವಾದ ರಾತ್ರಿ ಎಲ್ಲರಿಗೂ ಫೋನ್ ಮಾಡಿ, ಹೊತ್ತು ನೋಡ್ಬೇಡಿ.