ಮಹಾವೀರಾಚಾರ್ಯನ ಒಂದು ಸಂಖ್ಯೆ: ೧೨೩೪೫೬೫೪೩೨೧

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು (ಕ್ರಿ.ಶ. ೮೧೪–೮೭೮) ಗ್ರಂಥಾರಂಭದಲ್ಲಿಯೇ ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದ ಗುಣಾಕಾರ ಪ್ರಕರಣದಲ್ಲಿ ಕೆಲವು ವಿಲಕ್ಷಣ ಲೆಕ್ಕಗಳನ್ನು ಕೊಟ್ಟಿದ್ದಾನೆ. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇವುಗಳ ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಇವುಗಳನ್ನು ಬರಿಯ ವಿನೋದವೆಂದು ದಾಟಿಹೋಗುವುದು ಸುಲಭ. ಆದರೆ ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದಾಗ ದೊರೆಯುವ ೧೨೩೪೫೬೫೪೩೨೧ ಎಂಬ ಸಂಖ್ಯೆಯ ಮುಂದೆ ತುಸು ನಿಲ್ಲಬೇಕಾಗುತ್ತದೆ.

ಈ ಸಂಖ್ಯೆಯು ೧೧೧೧೧೧ರ ವರ್ಗ. ಆರು ಒಂದುಗಳನ್ನು ಒಂದೊಂದು ಸ್ಥಾನ ಸರಿಸಿ ಆರು ಸಾಲು ಬರೆದು ಕೂಡಿಸಿದರೆ, ನಡುವಿನ ಕಂಬದಲ್ಲಿ ಆರು, ಇಕ್ಕೆಲಗಳಲ್ಲಿ ಐದು, ನಾಲ್ಕು ಎಂದು ಇಳಿಯುತ್ತದೆ. ಎಲ್ಲಿಯೂ ದಶಕ ಉಳಿಯುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಡೆದು, ಹತ್ತಕ್ಕೆ ಮುರಿಯುತ್ತದೆ. ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩ ಮತ್ತು ೩೭. ಪ್ರತಿಯೊಂದೂ ವರ್ಗದಲ್ಲಿ ಎರಡು ಬಾರಿ ಬರುವುದರಿಂದ ನಮ್ಮ ಸಂಖ್ಯೆಗೆ ೨೪೩ ಭಾಜಕಗಳಿವೆ.

ಆಚಾರ್ಯನು ಆರಿಸಿರುವ ೪೪೧ ಎಂಬುದು ೩ ಮತ್ತು ೭ರ ಗುಣಲಬ್ಧವಾದ ೨೧ರ ವರ್ಗ. ಉಳಿದ ೧೧, ೧೩, ೩೭ ಸೇರಿ ೫೨೯೧. ಅದರ ವರ್ಗವೇ ೨೭೯೯೪೬೮೧. ಎಂದರೆ ಗುಣ್ಯ ಗುಣಕಗಳೆರಡೂ ವರ್ಗಗಳೇ. ಇದನ್ನು ಕಾಕತಾಳೀಯವೆನ್ನಲು ನನಗೆ ಮನಸ್ಸೊಪ್ಪದು. ಫಲವನ್ನು ಮೊದಲು ನಿಶ್ಚಯಿಸಿ, ಅದನ್ನು ಒಡೆದು, ಪ್ರಶ್ನೆಯನ್ನು ಆಮೇಲೆ ರಚಿಸಿರಬೇಕು. ಗ್ರಂಥಕಾರನು ತನ್ನ ವಿಧಾನವನ್ನು ಹೇಳಿಲ್ಲವಾದ್ದರಿಂದ ಇದು ಊಹೆಯೇ ಸರಿ.

ಇನ್ನೊಂದು ಅಂಶ. ಶಬ್ದಸಂಖ್ಯೆಗಳಲ್ಲಿ ಅಂಕಿಗಳನ್ನು ಏಕಸ್ಥಾನದಿಂದ ಎಡಕ್ಕೆ ಎಣಿಸುವುದು ವಾಡಿಕೆ. ಹಾರದಂತಹ ಸಂಖ್ಯೆಗೆ ಈ ದಿಕ್ಕಿನ ತೊಡಕಿಲ್ಲ. ಪ್ರತಿಕಾರನ ಕೈತಪ್ಪಿನಿಂದ ಗುಣ್ಯದ ಒಂದು ಅಂಕಿ ಕೆಟ್ಟರೂ ಹಾರ ಹರಿದುಹೋಗಿ ತಪ್ಪು ಬಯಲಾಗುತ್ತದೆ. ತಾಳೆಗರಿಯಿಂದ ತಾಳೆಗರಿಗೆ ಸಾಗಬೇಕಾದ ಪಠ್ಯಕ್ಕೆ ಇದು ಸಣ್ಣ ಉಪಕಾರವಲ್ಲ.

ಮಹಾವೀರನನ್ನು ಕನ್ನಡದ ಗಣಿತಜ್ಞನೆಂದು ಕರೆಯುವಾಗ ಎಚ್ಚರ ಅಗತ್ಯ. ಆತನ ಗ್ರಂಥ ಸಂಸ್ಕೃತದ್ದು. ಕನ್ನಡದಲ್ಲಿಯೇ ಗಣಿತವನ್ನು ಬರೆದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಆದರೆ ೧೯೧೨ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಎಂ. ರಂಗಾಚಾರ್ಯರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳೂ ಇದ್ದವು. ವಲ್ಲಭನೆಂಬಾತನ ಕನ್ನಡ ಟೀಕೆಯುಳ್ಳ ಪ್ರತಿಯೊಂದು ಮೈಸೂರಿನಿಂದ ದೊರೆತಿತ್ತು.