ಹುಲ್ಲುಹಾಸಿನಲ್ಲಿ ಅಲಂಕಾರಿಕ ವಿನ್ಯಾಸಗಳ ರಚನೆ: ಕಿರವತ್ತಿ ಪರಿಸರಕ್ಕೆ ಹೊಂದುವ ಕ್ರಮಗಳು

ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯು ಮಲೆನಾಡು ಮುಗಿದು ಧಾರವಾಡದ ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸಮೃದ್ಧ. ಮಾರ್ಚ್ ನಂತರ ಬಾವಿಯ ನೀರೇ ಆಸರೆ. ಈ ಭಾಗದ ಮನೆ, ಶಾಲೆ ಹಾಗೂ ಹೋಂಸ್ಟೇಗಳ ಅಂಗಳದಲ್ಲಿ ವಿನ್ಯಾಸಯುಕ್ತ ಹುಲ್ಲುಹಾಸು ಬೆಳೆಸುವವರು ಈ ಎರಡೂ ಸ್ಥಿತಿಗಳನ್ನು ಗಮನದಲ್ಲಿರಿಸಿ ಯೋಜನೆ ರೂಪಿಸಬೇಕು.

ಪಟ್ಟೆಗಳು ಮೂಡುವ ಬಗೆ

ಕ್ರಿಕೆಟ್ ಮೈದಾನಗಳಲ್ಲಿ ಕಾಣುವ ತಿಳಿ ಮತ್ತು ಗಾಢ ಪಟ್ಟೆಗಳು ಎರಡು ಬಣ್ಣದ ಹುಲ್ಲುಗಳಲ್ಲ. ನೋಡುಗನಿಂದ ಆಚೆಗೆ ಬಾಗಿದ ಎಲೆಗಳು ಹೆಚ್ಚು ಬೆಳಕನ್ನು ಪ್ರತಿಫಲಿಸಿ ತಿಳಿಯಾಗಿಯೂ, ಈಚೆಗೆ ಬಾಗಿದವು ಗಾಢವಾಗಿಯೂ ತೋರುತ್ತವೆ. ಇದಕ್ಕೆ ಹಿಂಬದಿಯಲ್ಲಿ ಉರುಳೆಯುಳ್ಳ ಕತ್ತರಿಸುವ ಯಂತ್ರವನ್ನು ಒಂದು ಸಾಲಿನಲ್ಲಿ ಮುಂದಕ್ಕೂ ಪಕ್ಕದ ಸಾಲಿನಲ್ಲಿ ಹಿಂದಕ್ಕೂ ನಡೆಸಬೇಕು. ಅಡಿಕೆ ತೋಟದಲ್ಲಿ ಬಳಸುವ ಕಳೆ ಕೊಚ್ಚುವ ಯಂತ್ರದಿಂದ ಇದು ಸಾಧ್ಯವಿಲ್ಲ. ಅದು ಹುಲ್ಲನ್ನು ಏರುಪೇರಾಗಿ ಕತ್ತರಿಸುತ್ತದೆ, ಬಾಗಿಸುವುದಿಲ್ಲ.

ಚಳಿ ಪ್ರದೇಶದ ಮೃದು ಹುಲ್ಲುಗಳಲ್ಲಿ ಪಟ್ಟೆ ಸ್ಪಷ್ಟವಾಗಿ ನಿಲ್ಲುತ್ತದೆ. ನಮ್ಮ ಗರಿಕೆಯ ಎಲೆ ಕಿರಿದು ಮತ್ತು ಬಿರುಸು. ಪಟ್ಟೆ ಬೇಗನೆ ಮಾಸುತ್ತದೆ. ಆದ್ದರಿಂದ ಇಲ್ಲಿ ಕೆಳಗಿನ ಮೂರು ವಿಧಾನಗಳು ಹೆಚ್ಚು ಸೂಕ್ತ.

1. ಎರಡು ಎತ್ತರದ ಕತ್ತರಿಕೆ: ವಿನ್ಯಾಸದ ಒಂದು ಭಾಗವನ್ನು 2.5 ಸೆಂ.ಮೀ., ಇನ್ನೊಂದನ್ನು 5 ಸೆಂ.ಮೀ. ಎತ್ತರದಲ್ಲಿ ಉಳಿಸುವುದು. ಹೊಸ ಗಿಡದ ಖರ್ಚಿಲ್ಲ. ಬೇಡವೆನಿಸಿದಾಗ ವಿನ್ಯಾಸ ಬದಲಿಸಬಹುದು.

2. ಎರಡು ಜಾತಿಯ ಹುಲ್ಲು: ಗರಿಕೆಯ ನಡುವೆ ದಟ್ಟವಾಗಿ ಬೆಳೆಯುವ ಕೊರಿಯನ್ ಹುಲ್ಲನ್ನು ನಾಟಿ ಮಾಡುವುದು. ಗರಿಕೆಯ ಬಳ್ಳಿಬೇರು ನಿಧಾನವಾಗಿ ಬೆಳೆಯುವ ಕೊರಿಯನ್ ಹುಲ್ಲನ್ನು ಆಕ್ರಮಿಸುವುದರಿಂದ ನಡುವೆ ಚಿರೆಕಲ್ಲು ಅಥವಾ ಇಟ್ಟಿಗೆಯನ್ನು 10 ರಿಂದ 15 ಸೆಂ.ಮೀ. ಆಳಕ್ಕೆ ಹೂಳಿ, ಅಂಚನ್ನು ಆಗಾಗ ಗುದ್ದಲಿಯಿಂದ ಕಡಿಯಬೇಕು.

3. ಬಣ್ಣದ ಎಲೆಯ ಸಸ್ಯಗಳು: ಕೆಂಪು ಮತ್ತು ಹಳದಿ ಆಲ್ಟರ್ನಾಂಥೆರಾದ ಕಡ್ಡಿಗಳನ್ನು ಒತ್ತೊತ್ತಾಗಿ ನೆಟ್ಟು, 15 ರಿಂದ 20 ದಿನಗಳಿಗೊಮ್ಮೆ ಸವರುವುದು. ಬಣ್ಣ ಗಾಢವಾಗಲು ಪೂರ್ಣ ಬಿಸಿಲು ಬೇಕು.

ಭೂಮಿ ಸಿದ್ಧತೆ ಮತ್ತು ಗುರುತು

ಮಣ್ಣನ್ನು 25 ರಿಂದ 30 ಸೆಂ.ಮೀ. ಆಳಕ್ಕೆ ಅಗೆದು, ಕೊನ್ನಾರಿ ಗಡ್ಡೆಗಳನ್ನು ಆರಿಸಿ ತೆಗೆಯಬೇಕು. ಈ ಹಂತದಲ್ಲಿ ಉಳಿದ ಗಡ್ಡೆ ಮುಂದೆ ವಿನ್ಯಾಸವನ್ನೇ ಕೆಡಿಸುತ್ತದೆ. ಪ್ರತಿ ಚದರ ಮೀಟರಿಗೆ 4 ರಿಂದ 5 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಸುಣ್ಣವನ್ನು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಮಾತ್ರ ಕೊಡಬೇಕು. ನೀರು ನಿಲ್ಲದಂತೆ 100 ಅಡಿಗೆ 1 ರಿಂದ 2 ಅಡಿ ಇಳಿಜಾರು ಇರಲಿ. ಬೆಟ್ಟದ ಮೇಲ್ಮಣ್ಣನ್ನು ಕೆರೆದು ತಂದು ಅಂಗಳಕ್ಕೆ ಹಾಕುವುದು ಸಲ್ಲದು. ತೋಟಕ್ಕೆ ಸೊಪ್ಪು ಕೊಡುವ ನೆಲವೇ ಅದರಿಂದ ಬರಡಾಗುತ್ತದೆ.

ವಿನ್ಯಾಸವನ್ನು ಚುಕ್ಕಿ ರಂಗೋಲಿಯಂತೆಯೇ ಗುರುತಿಸಬಹುದು. ಸಮಾನ ಅಂತರದಲ್ಲಿ ಗೂಟ ನೆಟ್ಟು, ದಾರ ಕಟ್ಟಿ, ರೇಖೆಗಳ ಮೇಲೆ ಸುಣ್ಣದ ಪುಡಿ ಉದುರಿಸಬೇಕು. 3, 4 ಮತ್ತು 5 ಅಡಿ ಬದಿಗಳ ತ್ರಿಕೋನ ಹಿಡಿದರೆ ಮೂಲೆ ನೇರವಾಗುತ್ತದೆ. ಸಿದ್ದಾಪುರ ಸೀಮೆಯ ದೀವರ ಹಸೆ ಚಿತ್ತಾರದ ಸರಳರೇಖೆಗಳು ಹುಲ್ಲುಹಾಸಿಗೆ ಚೆನ್ನಾಗಿ ಹೊಂದುತ್ತವೆ. ಯಂತ್ರದ ಅಗಲಕ್ಕಿಂತ ಕಿರಿದಾದ ರೇಖೆಗಳನ್ನು ಆಯ್ದುಕೊಳ್ಳಬಾರದು.

ಜಡಿಮಳೆಯಲ್ಲಿ ನಾಟಿ ಕೊಚ್ಚಿಹೋಗುವುದರಿಂದ ಜೂನ್ ಆರಂಭ ಅಥವಾ ಮಳೆಯ ರಭಸ ಇಳಿದ ಸೆಪ್ಟೆಂಬರ್ ಸೂಕ್ತ. ಬೇರುಸಹಿತ ಗರಿಕೆಯ ತುಂಡುಗಳನ್ನು 10 ಸೆಂ.ಮೀ. ಅಂತರದಲ್ಲಿ ಊರಬೇಕು. ಮರದ ದಟ್ಟ ನೆರಳಿನಲ್ಲಿ ಗರಿಕೆ ಬಾಳದು.

ನಿರ್ವಹಣೆ

ಒಮ್ಮೆಗೆ ಎಲೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಒದ್ದೆ ನೆಲದ ಮೇಲೆ ಉರುಳೆ ನಡೆಸಿದರೆ ಮಣ್ಣು ಗಟ್ಟಿಯಾಗಿ ಬೇರು ಸೊರಗುತ್ತದೆ. ಪಟ್ಟೆ ಮೂಡಿಸುವವರು ಕತ್ತರಿಸುವ ದಿಕ್ಕನ್ನು ಆಗಾಗ ಬದಲಿಸಬೇಕು.

ನೀರಿನ ಲೆಕ್ಕವನ್ನು ಮೊದಲೇ ಮಾಡಿರಿ. 100 ಚದರ ಮೀಟರ್ ಹುಲ್ಲುಹಾಸಿಗೆ ಒಮ್ಮೆ 5 ಮಿ.ಮೀ. ನೀರುಣಿಸಲು 500 ಲೀಟರ್ ಬೇಕು. ಮಾರ್ಚ್‌ನಿಂದ ಮೇವರೆಗೆ ದಿನ ಬಿಟ್ಟು ದಿನ ಕೊಟ್ಟರೆ 23,000 ಲೀಟರ್ ಆಗುತ್ತದೆ. ಅದೇ ಬಾವಿಯಿಂದ ಮನೆ, ಕೊಟ್ಟಿಗೆ ಮತ್ತು ಅಡಿಕೆ ಗಿಡಗಳೂ ಬದುಕಬೇಕಾದಲ್ಲಿ ವಿನ್ಯಾಸವನ್ನು ಮನೆಯ ಮುಂದಿನ 20 ರಿಂದ 25 ಚದರ ಮೀಟರಿಗೆ ಸೀಮಿತಗೊಳಿಸುವುದು ವಿವೇಕ. ಚೆನ್ನಾಗಿ ಬೇರೂರಿದ ಗರಿಕೆ ಬೇಸಿಗೆಯಲ್ಲಿ ಕಂದಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಕಂದು ಬಣ್ಣಕ್ಕೆ ಹೆದರಿ ಬಾವಿ ಬತ್ತಿಸಬೇಕಾಗಿಲ್ಲ.

ಎಚ್ಚರಿಕೆ

ಕಳೆನಾಶಕ ಸಿಂಪಡಿಸಿ ಹುಲ್ಲನ್ನು ಸುಟ್ಟು ಅಕ್ಷರ ಅಥವಾ ಚಿತ್ರ ಮೂಡಿಸುವ ಕ್ರಮವನ್ನು ಅನುಸರಿಸಬಾರದು. ಸತ್ತ ಹುಲ್ಲಿನ ಜಾಗದಲ್ಲಿ ಮಣ್ಣು ಬಯಲಾಗಿ ಮೊದಲ ಮಳೆಗೇ ಕೊರೆಯುತ್ತದೆ. ಇಳಿಜಾರಿನಲ್ಲಿ ರಾಸಾಯನಿಕವು ಕೆಳಗಿನ ತೋಟ ಮತ್ತು ಬಾವಿಯ ಕಡೆಗೆ ಹರಿಯುವ ಅಪಾಯವಿದೆ. ಸಿಂಪಡಿಸಿದ ಹುಲ್ಲನ್ನು ದನಗಳು ಮೇಯುವ ಸಂಭವವೂ ಉಂಟು. ಯಾವ ರಾಸಾಯನಿಕವನ್ನೂ ಬಳಸದ ಹುಲ್ಲುಹಾಸಿನಿಂದ ಕತ್ತರಿಸಿದ ಹುಲ್ಲನ್ನು ಕೊಟ್ಟಿಗೆಗೆ ಅಥವಾ ಗೊಬ್ಬರದ ಗುಂಡಿಗೆ ಧಾರಾಳವಾಗಿ ಹಾಕಬಹುದು.