ಗೆರೆಯೊಳಗೆ ನಿಂತ ಬಣ್ಣ

ಕಾರ್ಟೂನ್ ಚಿತ್ರ ನೋಡುವವರ ಕಣ್ಣು ಓಡುವ ಇಲಿಯ ಮೇಲೋ ಅಟ್ಟಿಸಿಕೊಂಡು ಬರುವ ಬೆಕ್ಕಿನ ಮೇಲೋ ಇರುತ್ತದೆ. ಇಲಿಯ ಮೈಗೆ ಕಂದು ಬಣ್ಣವಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಆದರೆ ಆ ಬಣ್ಣ ಓಟದ ಉದ್ದಕ್ಕೂ ಗೆರೆಯಿಂದಾಚೆ ಹರಿಯದೆ, ನಡುವೆ ಮಂಕಾಗದೆ, ಮಿಣುಕದೆ ನಿಂತಿರಬೇಕು. ಒಂದೇ ಚಿತ್ರಕ್ಕೆ ಬಣ್ಣ ತುಂಬುವುದು ಮಕ್ಕಳಾಟ. ಸೆಕೆಂಡಿಗೆ 24 ಚಿತ್ರಗಳು ಸರಿದುಹೋಗುವಾಗ ಬಣ್ಣವನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಬೇರೆಯೇ ಕಸುಬು. ಆ ಕಸುಬನ್ನು ಬಹುಕಾಲ ಮಾಡಿದವರು ಹೆಂಗಸರು. ಬಹುಪಾಲು ಅವರ ಹೆಸರು ತೆರೆಯ ಮೇಲೆ ಬರಲಿಲ್ಲ.

ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ 1911ರಲ್ಲಿ ತನ್ನ ‘ಲಿಟಲ್ ನೀಮೋ’ ಪಾತ್ರಗಳನ್ನು ಚಲನಚಿತ್ರಕ್ಕೆ ತಂದಾಗ ಸುಮಾರು ನಾಲ್ಕು ಸಾವಿರ ಚಿತ್ರಗಳನ್ನು ಬರೆದ. ಬಣ್ಣವಿರಲಿ ಎನ್ನಿಸಿದಾಗ ಫಿಲ್ಮ್ ಸುರುಳಿಯ ಪುಟ್ಟ ಚೌಕಟ್ಟುಗಳಿಗೇ ಕೈಯಿಂದ ಬಣ್ಣ ಹಚ್ಚಲಾಯಿತು. 1914ರ ‘ಗರ್ಟೀ ದಿ ಡೈನೊಸಾರ್’ ಚಿತ್ರಕ್ಕಾಗಿ ಹಿಂದಿನ ಬೆಟ್ಟ, ಮರ, ಬಂಡೆಗಳನ್ನೂ ಪ್ರತಿ ಹಾಳೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಕೈ ಎಷ್ಟೇ ಪಳಗಿದ್ದರೂ ಒಂದೇ ಬಂಡೆಯನ್ನು ಸಾವಿರ ಸಲ ಒಂದೇ ರೀತಿ ಬರೆಯಲಾದೀತೇ? ಆ ಚಿತ್ರದಲ್ಲಿ ಬೆಟ್ಟವೂ ಕೊಂಚ ನಡುಗುತ್ತದೆ.

ಅದೇ ವರ್ಷ ಅರ್ಲ್ ಹರ್ಡ್ ಎಂಬಾತ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಉಪಾಯಕ್ಕೆ ಪೇಟೆಂಟ್ ಕೋರಿದ. ಹಿನ್ನೆಲೆಯನ್ನು ಒಮ್ಮೆ ಬರೆದಿಟ್ಟು, ಚಲಿಸುವ ಪಾತ್ರವನ್ನಷ್ಟೇ ಪಾರದರ್ಶಕ ಹಾಳೆಗಳ ಮೇಲೆ ಬರೆದು ಅದರ ಮೇಲಿರಿಸಿದರೆ ಸಾಕು. ‘ಸೆಲ್’ ಎಂದು ಹೆಸರಾದ ಈ ಹಾಳೆ ಮುಂದಿನ ಎಂಟು ದಶಕಗಳ ಕಾಲ ಕಾರ್ಟೂನ್ ಉದ್ಯಮದ ಬೆನ್ನೆಲುಬಾಯಿತು. ಶಾಯಿಯ ಗೆರೆ ಹಾಳೆಯ ಮುಂಬದಿಗೆ, ಬಣ್ಣ ಹಿಂಬದಿಗೆ. ಹಿಂದಿನಿಂದ ಹಚ್ಚಿದ ಬಣ್ಣ ಗೆರೆಯಡಿ ಅರ್ಧ ಕೂದಲೆಳೆಯಷ್ಟು ನುಗ್ಗಿದರೂ ಮುಂದಿನಿಂದ ನೋಡುವವರಿಗೆ ಕಾಣದು. ಕುಂಚದ ಗುರುತುಗಳೂ ಹಿಂಬದಿಯಲ್ಲೇ ಅಡಗುತ್ತವೆ.

1932ರಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೋ ಮೂರು ಬಣ್ಣದ ಟೆಕ್ನಿಕಲರ್ ವಿಧಾನದಲ್ಲಿ ‘ಫ್ಲವರ್ಸ್ ಅಂಡ್ ಟ್ರೀಸ್’ ಎಂಬ ಕಿರುಚಿತ್ರ ತಂದಿತು. ಅಲ್ಲಿಯವರೆಗೆ ಕಪ್ಪು, ಬಿಳಿ, ಬೂದಿಯಲ್ಲಿ ಮುಗಿಯುತ್ತಿದ್ದ ಕೆಲಸ ಒಮ್ಮೆಲೇ ಹಿಗ್ಗಿತು. 1937ರ ‘ಸ್ನೋ ವೈಟ್’ 83 ನಿಮಿಷಗಳ ಚಿತ್ರ. ಸೆಕೆಂಡಿಗೆ 24ರಂತೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ಲಕ್ಷ ಇಪ್ಪತ್ತು ಸಾವಿರ ಚೌಕಟ್ಟುಗಳು. ಎಷ್ಟೋ ಕಡೆ ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದ್ದಾರೆ, ನಿಜ. ಆದರೆ ಒಂದೊಂದು ಚೌಕಟ್ಟಿನಲ್ಲಿ ಹಲವು ಸೆಲ್‌ಗಳು ಒಂದರ ಮೇಲೊಂದು ಕೂತಿರುತ್ತಿದ್ದವು ಎಂಬುದೂ ನಿಜವೇ.

ಈ ಹಾಳೆಗಳಿಗೆ ಗೆರೆ ಎಳೆದು ಬಣ್ಣ ತುಂಬಿದ ‘ಇಂಕ್ ಅಂಡ್ ಪೇಂಟ್’ ವಿಭಾಗದಲ್ಲಿ ಇದ್ದವರು ಹೆಚ್ಚಾಗಿ ತರುಣಿಯರು. ಬೆರಳ ಗುರುತು ಬೀಳದಂತೆ ಕೈಗೆ ಹತ್ತಿಯ ಗವುಸು. ಸ್ಟುಡಿಯೋದ ಸ್ವಂತ ಪ್ರಯೋಗಾಲಯದಲ್ಲಿ ಅರೆದು ಸಿದ್ಧಪಡಿಸಿದ, ನಂಬರು ಹಾಕಿದ ಬಣ್ಣಗಳು. ಇಲ್ಲೊಂದು ಸೂಕ್ಷ್ಮವಿತ್ತು. ಸೆಲ್ ಹಾಳೆ ಪೂರ್ತಿ ನಿರ್ವರ್ಣವಲ್ಲ, ಅದಕ್ಕೆ ತನ್ನದೇ ಒಂದು ತೆಳು ಮಬ್ಬು. ಮೇಲಿನ ಹಾಳೆಯಲ್ಲಿದ್ದ ಪಾತ್ರ ಮುಂದಿನ ದೃಶ್ಯದಲ್ಲಿ ಮೂರನೆಯ ಹಾಳೆಗೆ ಇಳಿದರೆ ಅದರ ಕೆಂಪು ಅಂಗಿ ಮಂಕಾಗಿ ಕಾಣುತ್ತದೆ. ಹಾಗಾಗಿ ಪದರ ಬದಲಾದಂತೆ ಬಣ್ಣವನ್ನೂ ತುಸು ತಿಳಿಯಾಗಿಸಿ ಬೇರೆ ಮಿಶ್ರಣ ಬಳಸಬೇಕು. ಪ್ರೇಕ್ಷಕನಿಗೆ ಒಂದೇ ಕೆಂಪು ಕಾಣಲು ಹಲವು ಕೆಂಪುಗಳು! ಸ್ನೋ ವೈಟಳ ಕೆನ್ನೆಯ ನಸುಗೆಂಪಿಗಂತೂ ಅಂಚೇ ಇಲ್ಲ. ಗೆರೆಯಿಲ್ಲದ ಆ ಬಣ್ಣವನ್ನು ಹಾಳೆಯಿಂದ ಹಾಳೆಗೆ ಜಾಗ ತಪ್ಪದಂತೆ ಕೈಯಿಂದಲೇ ಸವರಿದರು. ಜಾಗ ಸ್ವಲ್ಪ ತಪ್ಪಿದರೂ ಕೆನ್ನೆ ತೆರೆಯ ಮೇಲೆ ಕುದಿಯುವಂತೆ ಕಾಣುತ್ತಿತ್ತು.

ಇಷ್ಟಾದರೂ, 1938ರಲ್ಲಿ ಕೆಲಸ ಕೇಳಿ ಬರೆದ ಯುವತಿಯೊಬ್ಬಳಿಗೆ ಅದೇ ಸ್ಟುಡಿಯೋದಿಂದ ಹೋದ ಉತ್ತರ ಇಂದಿಗೂ ಚರ್ಚೆಯಲ್ಲಿದೆ: ತೆರೆಗೆ ಚಿತ್ರ ಸಿದ್ಧಪಡಿಸುವ ಸೃಜನಶೀಲ ಕೆಲಸವನ್ನು ಹೆಂಗಸರಿಗೆ ಕೊಡುವುದಿಲ್ಲ, ಅವರಿಗಿರುವುದು ಗೆರೆ ನಕಲಿಸಿ ಬಣ್ಣ ತುಂಬುವ ಕೆಲಸ ಮಾತ್ರ ಎಂಬುದು ಅದರ ಸಾರ. ಆ ‘ಮಾತ್ರ’ದಲ್ಲಿ ಏನೇನು ಅಡಗಿತ್ತೆಂದು ಪತ್ರ ಸಿದ್ಧಪಡಿಸಿದವರು ಯೋಚಿಸಿರಲಾರರು. ಚಿತ್ರೀಕರಣ ಮುಗಿದ ಮೇಲೆ ಎಷ್ಟೋ ಸೆಲ್‌ಗಳನ್ನು ತೊಳೆದು ಮತ್ತೆ ಬಳಸಿದರು. ಅಂದರೆ ಆ ಹೆಂಗಸರು ತುಂಬಿದ ಬಣ್ಣ ಚರಂಡಿ ಸೇರಿತು.

ಮೊದಲ ಪೆಟ್ಟು ಗೆರೆ ಎಳೆಯುವವರಿಗೆ ಬಿತ್ತು. 1961ರ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್’ ಚಿತ್ರಕ್ಕೆ ಅಬ್ ಐವರ್ಕ್ಸ್ ಜೆರಾಕ್ಸ್ ತಂತ್ರವನ್ನು ಒಗ್ಗಿಸಿದ. ಪೆನ್ಸಿಲ್ ಚಿತ್ರ ನೇರವಾಗಿ ಸೆಲ್ ಮೇಲೆ ಅಚ್ಚಾಯಿತು. ಮೈತುಂಬ ಚುಕ್ಕೆಯ ನೂರೊಂದು ನಾಯಿಗಳನ್ನು ಕೈಯಿಂದ ನಕಲಿಸುವ ಖರ್ಚು ತಪ್ಪಿತು, ಶಾಯಿ ವಿಭಾಗ ಕರಗಿತು. ಬಣ್ಣ ತುಂಬುವವರು ಮಾತ್ರ ಉಳಿದುಕೊಂಡರು. ಯಂತ್ರಕ್ಕೆ ಗೆರೆ ಕಾಣುತ್ತಿತ್ತು. ಗೆರೆಯ ಒಳಗು ಯಾವುದು, ಹೊರಗು ಯಾವುದು ಎಂಬುದು ತಿಳಿಯುತ್ತಿರಲಿಲ್ಲ.

ಅದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ 1970ರ ದಶಕದ್ದು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೌಪ್ 1973ರಲ್ಲಿ ‘ಸೂಪರ್‌ಪೇಂಟ್’ ಎಂಬ ವ್ಯವಸ್ಥೆ ಕಟ್ಟಿದ. ಅದರಲ್ಲಿ ಪ್ರತಿ ಬಿಂದುವೂ ಬಣ್ಣವನ್ನಲ್ಲ, ಒಂದು ಸಂಖ್ಯೆಯನ್ನು ನೆನಪಿಡುತ್ತದೆ. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬ 256 ಸಾಲುಗಳ ಪಟ್ಟಿ ಬೇರೆ. ಪಟ್ಟಿಯ ಒಂದು ಸಾಲು ತಿದ್ದಿದರೆ ಆ ಸಂಖ್ಯೆಯ ಬಿಂದುಗಳೆಲ್ಲ ತಕ್ಷಣ ಬಣ್ಣ ಬದಲಿಸುತ್ತವೆ. ಸಾಲುಗಳನ್ನು ಒಂದಾದ ಮೇಲೊಂದು ಸುತ್ತಿಸಿದರೆ? ಜಾತ್ರೆಯ ದೀಪಾಲಂಕಾರದಲ್ಲಿ ಬಲ್ಬುಗಳು ನಿಂತಲ್ಲೇ ಇದ್ದು ಬೆಳಕು ಮಾತ್ರ ಓಡುತ್ತದಲ್ಲ, ಹಾಗೆ ಒಂದು ಗೆರೆಯನ್ನೂ ಹೊಸದಾಗಿ ಬರೆಯದೆ ನೀರು ಹರಿಯುತ್ತದೆ, ಬೆಂಕಿ ಉರಿಯುತ್ತದೆ. ಆಕಾರ ನಿಂತು ಬಣ್ಣವೊಂದೇ ಚಲಿಸುವ ಈ ತಂತ್ರದ ಬಗ್ಗೆ ಶೌಪ್ 1979ರ ‘ಸಿಗ್ರಾಫ್’ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದ.

ಅದೇ ಸಮ್ಮೇಳನಕ್ಕೆ ಶೌಪ್‌ನ ಹಳೆಯ ಸಹೋದ್ಯೋಗಿ ಆಲ್ವಿ ರೇ ಸ್ಮಿತ್ ತಂದ ಪ್ರಬಂಧದ ಹೆಸರು ‘ಟಿಂಟ್ ಫಿಲ್’. ಆಗ ಸ್ಮಿತ್ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ. ಅದರ ಸ್ಥಾಪಕ ಅಲೆಕ್ಸಾಂಡರ್ ಶೂರ್‌ಗೆ ಕಂಪ್ಯೂಟರಿನಿಂದ ಕಾರ್ಟೂನ್ ಚಿತ್ರ ತೆಗೆಯುವ ಹಂಬಲ. ಬಣ್ಣ ತುಂಬುವ ಉಪಾಯ ಸರಳವೇ: ಒಳಗಿನ ಒಂದು ಬಿಂದುವಿನಿಂದ ಹೊರಟು ನೆರೆಯ ಬಿಂದುಗಳಿಗೆ ಹರಡುತ್ತ ಹೋಗುವುದು, ಗೆರೆ ಸಿಕ್ಕಲ್ಲಿ ನಿಲ್ಲುವುದು. ಕೆರೆಗೆ ನೀರು ತುಂಬಿದ ಹಾಗೆ. ಏರಿಯಲ್ಲಿ ಒಂದು ಬಿರುಕಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಪೆನ್ಸಿಲ್ ಗೆರೆ ಒಂದೇ ಒಂದು ಬಿಂದುವಿನಷ್ಟು ತೆರೆದಿದ್ದರೂ ಅಂಗಿಯ ಕೆಂಪು ಆಕಾಶಕ್ಕೆಲ್ಲ ಹರಡುತ್ತದೆ. ಇನ್ನೊಂದು ತೊಡಕು ಗೆರೆಯ ಅಂಚಿನದು. ಕೈಗೆರೆಯ ಅಂಚು ಕಪ್ಪಿನಿಂದ ಬಿಳಿಗೆ ಮೆಲ್ಲನೆ ಇಳಿಯುತ್ತದೆ. ಬಣ್ಣ ಆ ಬೂದುವಿನ ಮುಂದೆ ನಿಂತುಬಿಟ್ಟರೆ ಸುತ್ತಲೂ ಬಿಳಿಯ ಅಂಚು ಉಳಿಯುತ್ತದೆ. ಸ್ಮಿತ್ ಗಮನ ಹರಿಸಿದ್ದು ಇದಕ್ಕೆ: ಬಣ್ಣ ಬೂದುವಿನೊಳಗೂ ನುಗ್ಗಬೇಕು, ಆದರೆ ಬೂದುವಿನ ಏರಿಳಿತ ಹಾಗೆಯೇ ಉಳಿಯಬೇಕು. ಸೆಲ್ಲಿನ ಹಿಂಬದಿಯಲ್ಲಿ ಕುಂಚ ಹಿಡಿದ ಕೈ ಗೆರೆಯಡಿ ಸರಿದು ಮಾಡುತ್ತಿದ್ದುದೂ ಇದೇ ಅಲ್ಲವೇ?

1980ರ ದಶಕದ ಕೊನೆಗೆ ಡಿಸ್ನಿ ಮತ್ತು ಪಿಕ್ಸಾರ್ ಸೇರಿ ‘ಕ್ಯಾಪ್ಸ್’ ಎಂಬ ವ್ಯವಸ್ಥೆ ರೂಪಿಸಿದವು. 1989ರ ‘ದಿ ಲಿಟಲ್ ಮರ್ಮೇಡ್’ ಚಿತ್ರದ ಕೊನೆಯ ಬೀಳ್ಕೊಡುಗೆಯ ದೃಶ್ಯದಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ಮರುವರ್ಷದ ‘ದಿ ರೆಸ್ಕ್ಯೂವರ್ಸ್ ಡೌನ್ ಅಂಡರ್’ ಪೂರ್ತಿಯಾಗಿ ಅದರಲ್ಲೇ ಬಣ್ಣ ಕಂಡಿತು. ಪದರ ಎಷ್ಟಿದ್ದರೂ ಮಬ್ಬಿಲ್ಲ. ಕೆನ್ನೆಯ ನಸುಗೆಂಪು ಈಗ ಲೆಕ್ಕಾಚಾರದ ಕೆಲಸ. ದೃಶ್ಯ ಹಗಲಿನಿಂದ ಸಂಜೆಗೆ ತಿರುಗಿದರೆ ಪಾತ್ರದ ಬಣ್ಣವೂ ಚೌಕಟ್ಟಿನಿಂದ ಚೌಕಟ್ಟಿಗೆ ಮೆಲ್ಲನೆ ತಿರುಗಬಲ್ಲದು. ಸೆಲ್ ಕಾಲದಲ್ಲಿ ಅದಕ್ಕೆ ಒಂದೊಂದು ಹಾಳೆಗೂ ಹೊಸ ಮಿಶ್ರಣ ಬೇಕಾಗುತ್ತಿತ್ತು.

ಇಂಥ ಬದಲಾವಣೆ ಸಾಮಾನ್ಯ ಮನೆಗಳ ಕಂಪ್ಯೂಟರಿಗೆ ಬಂದದ್ದು 1996ರ ‘ಫ್ಯೂಚರ್‌ಸ್ಪ್ಲಾಶ್’ ತಂತ್ರಾಂಶದೊಂದಿಗೆ. ಅದನ್ನು ಕೊಂಡ ಮ್ಯಾಕ್ರೋಮೀಡಿಯ ಕಂಪನಿ ಇಟ್ಟ ಹೆಸರು ‘ಫ್ಲ್ಯಾಶ್’. ಇಲ್ಲಿ ಗೆರೆ ಬಿಂದುಗಳ ರಾಶಿಯಾಗಿರದೆ ಗಣಿತದ ವಕ್ರರೇಖೆಯಾಗಿರುತ್ತದೆ, ಬಣ್ಣ ಅದಕ್ಕೆ ಅಂಟಿದ ಒಂದು ಗುಣ. ಮೊದಲ ಚೌಕಟ್ಟಿಗೆ ಕೆಂಪು, ಇಪ್ಪತ್ತೈದನೆಯದಕ್ಕೆ ಹಸಿರು ಎಂದು ಹೇಳಿದರೆ ನಡುವಿನದನ್ನು ಯಂತ್ರವೇ ತುಂಬಿಕೊಳ್ಳುತ್ತದೆ. ಆದರೆ ಯಂತ್ರಕ್ಕೆ ಕಣ್ಣಿಲ್ಲ. ಕೆಂಪು ಮತ್ತು ಹಸಿರಿನ ಅಂಕಿಗಳ ಸರಾಸರಿ ತೆಗೆದಾಗ ಹದಿಮೂರನೆಯ ಚೌಕಟ್ಟಿನಲ್ಲಿ ಕೊಳೆತ ಎಲೆಯ ಬಣ್ಣ ಕಾಣಿಸಿಕೊಳ್ಳುತ್ತದೆ! ಹಣ್ಣೆಲೆಯ ಹಳದಿ ಬೇಕಾದವನು ನಡುವೆ ತಾನೇ ಒಂದು ಬಣ್ಣ ನೆಡಬೇಕು. ಫ್ಲ್ಯಾಶ್ ಚಿತ್ರಗಳನ್ನು ತೋರಿಸುತ್ತಿದ್ದ ಪ್ಲೇಯರ್‌ಗೆ 2020ರ ಕೊನೆಯಲ್ಲಿ ತೆರೆ ಬಿತ್ತು. ಈ ವಿಧಾನ ಮಾತ್ರ 2005ರಿಂದ ಉಚಿತವಾಗಿ ದೊರೆತ ‘ಸಿನ್‌ಫಿಗ್’ನಂಥ ತಂತ್ರಾಂಶಗಳಲ್ಲಿ ಬೆಳೆಯುತ್ತ ಹೋಯಿತು.

ಜಪಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಮಿಚಿಯೊ ಯಾಸುದಾ 1950ರ ದಶಕದ ಕೊನೆಯಲ್ಲಿ ತೋಯೆಯ ಅನಿಮೇಷನ್ ಸ್ಟುಡಿಯೋ ಸೇರಿ ಕುಂಚ ಹಿಡಿದಾಕೆ. ಅಲ್ಲಿ ಪರಿಚಯವಾದ ಹಯಾವೊ ಮಿಯಾಜಾಕಿ, ಇಸಾವೊ ತಕಾಹಾತಾ ಮುಂದೆ ಜಿಬ್ಲಿ ಸ್ಟುಡಿಯೋ ಕಟ್ಟಿದಾಗ ಅದರ ಚಿತ್ರಗಳ ಬಣ್ಣ ನಿರ್ಧರಿಸಿದ್ದು ಈಕೆಯೇ, ಹೆಸರೂ ತೆರೆಯ ಮೇಲೆ ಬಂತು. 1997ರ ‘ಪ್ರಿನ್ಸೆಸ್ ಮೊನೊನೊಕೆ’ಯ ಒಂದು ಭಾಗಕ್ಕೆ ಕಂಪ್ಯೂಟರ್ ಬಣ್ಣ ತುಂಬಿತು. 1999ರ ‘ಮೈ ನೇಬರ್ಸ್ ದಿ ಯಮಾದಾಸ್’ಗೆ ಪೂರ್ತಿಯಾಗಿ ಅದೇ. ತಕಾಹಾತಾಗೆ ಬೇಕಾದದ್ದು ಗೆರೆ ಮುಟ್ಟುವ ಮೊದಲೇ ಮರೆಯಾಗುವ ಜಲವರ್ಣ. ಗೆರೆ ಮುಗಿಯದೆ ಇರುವ ಚಿತ್ರದಲ್ಲಿ ಕಂಪ್ಯೂಟರ್ ಬಣ್ಣ ಎಲ್ಲಿ ನಿಲ್ಲಿಸಬೇಕು? ಬಣ್ಣದ ಎಲ್ಲೆ ತೋರಿಸಲು, ತೆರೆಯ ಮೇಲೆ ಕಾಣದ ಬೇರೆ ಗೆರೆಗಳನ್ನೇ ಬರೆಯಬೇಕಾಯಿತು. ಕೆಲಸ ಉಳಿಸಲು ಬಂದ ಯಂತ್ರ ಇಲ್ಲಿ ಕೆಲಸ ಹೆಚ್ಚಿಸಿತು. ಯಾಸುದಾ 2013ರ ‘ದಿ ವಿಂಡ್ ರೈಸಸ್’ವರೆಗೂ ದುಡಿದು 2016ರಲ್ಲಿ ತೀರಿಕೊಂಡರು.

ಅದೇ 2013ರ ಸೆಪ್ಟೆಂಬರಿನಲ್ಲಿ, 1969ರಿಂದ ನಡೆದುಬಂದ ಜಪಾನಿನ ದೂರದರ್ಶನ ಧಾರಾವಾಹಿ ‘ಸಜಾಯೆ-ಸಾನ್’ ಕೂಡ ಸೆಲ್ ಹಾಳೆಗಳನ್ನು ಕೈಬಿಟ್ಟಿತು. ಅಲ್ಲಿನ ಟೀವಿ ಧಾರಾವಾಹಿಗಳಲ್ಲಿ ಹಾಳೆಯ ಹಿಂಬದಿಗೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದುದು ಅದೊಂದೇ ಉಳಿದಿತ್ತು.